ಪಹಣಿ ಕಂಡ ರೈತ, ಪಹಣಿ ಕಾಣದ ರೈತ

ಸರ್ಕಾರ ರೈತನಿಗೆ ಕೊಡುವ ಹಣಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಿಲ್ಲ. ಬಿತ್ತನೆ ಬೀಜಕ್ಕೂ ಹನಿ ನೀರಾವರಿಗೂ ಕೊಡುವುದು ಸಹಾಯಧನ. ಡೇರಿಗೆ ಹಾಕಿದ ಹಾಲಿಗೆ ಕೊಡುವುದು ಪ್ರೋತ್ಸಾಹಧನ. ಮಳೆ ಕೈಕೊಟ್ಟ ವರ್ಷ ಕೊಡುವುದು ಪರಿಹಾರ. ರಾಗಿಗೆ ಸಿಗುವುದು ಬೆಂಬಲ ಬೆಲೆ. ವರ್ಷಕ್ಕೆ ಮೂರು ಸಲ ಖಾತೆಗೆ ಬಂದು ಬೀಳುವುದು ಸಮ್ಮಾನ. ಹಳ್ಳಿಯ ಜನ ಇಷ್ಟನ್ನೂ ಒಟ್ಟುಗೂಡಿಸಿ ‘ಸಬ್ಸಿಡಿ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅದೂ ಬೇಡವೆನಿಸಿದರೆ ‘ದುಡ್ಡು ಬಂತಾ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಹೆಸರು ಎಷ್ಟಾದರೂ ಇರಲಿ, ಅವೆಲ್ಲದರ ಹಿಂದೆ ನಿಂತಿರುವ ಪ್ರಶ್ನೆ ಒಂದೇ. ರೈತನೆಂದರೆ ಯಾರು? ನೆಲದ ಒಡೆಯನೋ, ನೆಲವನ್ನು ಉಳುವವನೋ? ಇವರಿಬ್ಬರೂ ಒಬ್ಬರೇ ಆಗಿರುವ ಕಡೆ ಈ ಪ್ರಶ್ನೆ ಏಳುವುದಿಲ್ಲ. ಬೇರೆ ಬೇರೆಯಾಗಿರುವ ಕಡೆ ಅದಕ್ಕೆ ಉತ್ತರ ಹೇಳುವುದು ಹಾಳೆಯೊಂದರಷ್ಟು ಪುಟ್ಟದಾದ ಒಂದು ಕಾಗದ. ಅದರ ಹೆಸರು ಪಹಣಿ. ಈ ಹೊತ್ತು ನಾನು ಹೇಳಹೊರಟಿರುವುದು ಆ ಕಾಗದದ ಕಥೆಯನ್ನು.

ಈ ವಿಷಯವನ್ನು ವಿಧಾನಸೌಧದ ಮೆಟ್ಟಿಲ ಮೇಲಿನಿಂದ ನೋಡುವುದಕ್ಕಿಂತ ಹಳ್ಳಿಯೊಂದರ ಜಗಲಿಯ ಮೇಲೆ ಕುಳಿತು ನೋಡುವುದು ಮೇಲೆಂದು ನನಗೆ ತೋರುತ್ತದೆ. ಅದಕ್ಕಾಗಿ ಬೇಲೂರು ಸೀಮೆಯ ಗೆಂಡೆಹಳ್ಳಿ ಮತ್ತು ಅದರ ನೆರೆಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ. ಬೇಲೂರು ಸೀಮೆ ಒಂದು ಹೊಸ್ತಿಲಿನಂತಿದೆ. ಪಶ್ಚಿಮಕ್ಕೆ ಕಾಲಿಟ್ಟರೆ ಕಾಫಿ, ಮೆಣಸು, ಕಣಿವೆಯ ಭತ್ತದ ಗದ್ದೆ. ಪೂರ್ವಕ್ಕೆ ಹಳೇಬೀಡು ದಾಟಿ ಅರಸೀಕೆರೆಯ ಕಡೆ ಹೊರಟರೆ ರಾಗಿ, ಮುಸುಕಿನ ಜೋಳ, ತೆಂಗು. ನಡುವೆ ಆಲೂಗಡ್ಡೆ ಮತ್ತು ಶುಂಠಿ. ಮಲೆನಾಡೂ ಬಯಲುಸೀಮೆಯೂ ಕೈಕುಲುಕುವ ಇಂಥ ಕಡೆ ತೋಟದ ಧಣಿ, ಎರಡೆಕರೆಯ ಒಕ್ಕಲು, ವಾರಕ್ಕೆ ಮಾಡುವವನು, ಕೂಲಿಗೆ ಹೋಗುವವಳು ಎಲ್ಲರೂ ಒಂದೇ ಸಂತೆಯಲ್ಲಿ ಕಾಣಸಿಗುತ್ತಾರೆ. ಸರ್ಕಾರದ ಹಣ ಯಾರ ಮನೆಗೆ ಹೋಗುತ್ತದೆ, ಯಾರ ಮನೆಯ ಮುಂದೆ ಹಾದುಹೋಗುತ್ತದೆ ಎಂಬುದನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮೊದಲು ಹಳೆಯ ಮಾತು. ಆಳುವವರು ಬೇಸಾಯಕ್ಕೆ ನೆರವಾಗುವುದು ಈ ನೆಲಕ್ಕೆ ಹೊಸದಲ್ಲ. ಬೇಲೂರಿನಲ್ಲಿ ೧೧೧೭ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಸಂಗತಿ ಎಲ್ಲರಿಗೂ ಗೊತ್ತು. ಆದರೆ ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿಹಾಕಿದವರಿಗೆ ದೇವಾಲಯದ ಜೊತೆಜೊತೆಗೇ ಕೆರೆಕಟ್ಟೆಗಳ ಮಾತೂ ಎದುರಾಗುತ್ತದೆ. ನಮ್ಮ ಶಾಸನಗಳಲ್ಲಿ ಕೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ ಎಂಬ ಸೊಗಸಾದ ಶಬ್ದಗಳಿವೆ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಕೂಡಿಸಿದವನಿಗೆ, ತೂಬನ್ನು ನೋಡಿಕೊಳ್ಳುವವನಿಗೆ ತೆರಿಗೆಯಿಲ್ಲದ ನೆಲವನ್ನು ಬಿಟ್ಟುಕೊಡುವುದು ಇವುಗಳ ತಾತ್ಪರ್ಯ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ನೆಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕೊಡುಗೆ ಹುಟ್ಟುತ್ತಿದ್ದುದು ಮಾಡಿದ ಕೆಲಸದಿಂದ. ಮೊದಲು ಕೆರೆ, ಆಮೇಲೆ ಕೊಡಗೆ. ಅಂದಿನ ಸಮಾಜ ಸಮಾನತೆಯ ಸಮಾಜವಾಗಿತ್ತೆಂದು ನಾನು ಹೇಳುತ್ತಿಲ್ಲ; ಕೆರೆಯ ಮಣ್ಣು ಹೊತ್ತವರ ಹೆಸರನ್ನು ಯಾವ ಕಲ್ಲಿನ ಮೇಲೂ ಸಾಮಾನ್ಯವಾಗಿ ಬರೆಯಲಿಲ್ಲ. ಆದರೂ ನೆರವಿಗೂ ದುಡಿಮೆಗೂ ಒಂದು ನಂಟಿರಬೇಕೆಂಬ ತಿಳಿವಳಿಕೆ ಆ ಶಬ್ದಗಳಲ್ಲಿದೆ.

ಅನಂತರದ ಕಾಲದಲ್ಲಿ ‘ತಕ್ಕಾವಿ’ ಎಂಬ ಶಬ್ದ ಬಂತು. ಅರಬ್ಬಿ ಮೂಲದ ಈ ಮಾತಿಗೆ ಬಲ ಕೊಡುವುದು ಎಂದು ಅರ್ಥ. ಟಿಪ್ಪುವಿನ ಕಾಲದ ಕಂದಾಯ ನಿಯಮಗಳಲ್ಲಿ ಬಡ ರೈತನಿಗೆ ನೇಗಿಲು ಹೂಡಲು ತಕ್ಕಾವಿ ಕೊಡಬೇಕೆಂಬ ಮಾತು ಬರುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ೧೮೮೩ರಲ್ಲಿ ಭೂಮಿಯ ಸುಧಾರಣೆಗಾಗಿ, ೧೮೮೪ರಲ್ಲಿ ಬೀಜ ದನಗಳಿಗಾಗಿ ಸಾಲ ಕೊಡುವ ಎರಡು ಕಾಯಿದೆಗಳಾದವು. ಇದು ಸಾಲ, ಹಿಂದಿರುಗಿಸಬೇಕಾದ ಹಣ. ಹಳ್ಳಿಯ ಮುದುಕರ ಬಾಯಲ್ಲಿ ತಕ್ಕಾವಿಯ ನೆನಪು ಇಂದಿಗೂ ಸ್ವಲ್ಪ ಅಳುಕಿನಿಂದಲೇ ಹೊರಬರುತ್ತದೆ, ಏಕೆಂದರೆ ಅದರ ಬೆನ್ನ ಹಿಂದೆಯೇ ಜಪ್ತಿಯ ನೆನಪೂ ಇದೆ.

ಇನ್ನು ‘ಸಬ್ಸಿಡಿ’ ಎಂಬ ಶಬ್ದದ ಕಥೆ ಇದಕ್ಕಿಂತ ವಿಚಿತ್ರವಾದುದು. ಈ ಮಾತು ಮೈಸೂರಿನ ಆಡಳಿತಕ್ಕೆ ಮೊದಲು ಬಂದದ್ದು ರೈತನಿಗೆ ಕೊಡುವ ಹಣವಾಗಿ ಅಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆದ ಒಪ್ಪಂದದಂತೆ ಮೈಸೂರು ಸಂಸ್ಥಾನವು ವರ್ಷಕ್ಕೆ ೭ ಲಕ್ಷ ಪಗೋಡಗಳನ್ನು, ಎಂದರೆ ೨೪ ಲಕ್ಷ ೫೦ ಸಾವಿರ ರೂಪಾಯಿಗಳನ್ನು, ಇಂಗ್ಲಿಷರಿಗೆ ಕಟ್ಟಬೇಕಾಗಿತ್ತು. ಅದರ ಹೆಸರೇ ಸಬ್ಸಿಡಿ. ನಮ್ಮವರು ಅದನ್ನು ಪೊಗದಿ ಎಂದರು. ೧೮೮೧ರಲ್ಲಿ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗ ಆ ಮೊತ್ತವನ್ನು ೩೫ ಲಕ್ಷಕ್ಕೆ ಏರಿಸಲಾಯಿತು. ೧೮೭೬-೭೮ರ ಮಹಾಕ್ಷಾಮದಿಂದ ಸಂಸ್ಥಾನ ಸಾಲದಲ್ಲಿ ಮುಳುಗಿದ್ದುದರಿಂದ ಏರಿಕೆಯನ್ನು ೧೮೯೬ರವರೆಗೆ ಮುಂದಕ್ಕೆ ಹಾಕಿದರು. ಸಂಸ್ಥಾನದ ವರಮಾನದಲ್ಲಿ ದೊಡ್ಡ ಪಾಲು ಭೂಕಂದಾಯವಾಗಿದ್ದ ಕಾಲ ಅದು. ಹೀಗೆ ಒಂದು ಕಾಲಕ್ಕೆ ಸಬ್ಸಿಡಿ ಎಂದರೆ ರೈತನ ಹೊಲದಿಂದ ಮೇಲಕ್ಕೆ ಏರಿ ಹೋಗುತ್ತಿದ್ದ ಹಣ. ಇಂದು ಅದೇ ಶಬ್ದ ಮೇಲಿನಿಂದ ಹೊಲಕ್ಕೆ ಇಳಿಯುವ ಹಣಕ್ಕೆ ಸಲ್ಲುತ್ತಿದೆ. ಶಬ್ದದ ದಿಕ್ಕು ತಿರುಗಿದ್ದು ನಮ್ಮ ಸ್ವಾತಂತ್ರ್ಯದ ದೊಡ್ಡ ಫಲವೆಂದೇ ನಾನು ಭಾವಿಸುತ್ತೇನೆ. ಆದ್ದರಿಂದಲೇ ಆ ಹಣ ಇಳಿಯುವ ದಾರಿಯನ್ನು ನಾವು ಎಚ್ಚರದಿಂದ ನೋಡಬೇಕು.

ಈಗ ಆ ದಾರಿಗಳನ್ನು ನೋಡೋಣ. ಗೆಂಡೆಹಳ್ಳಿಯಂಥ ಊರಿಗೆ ಸರ್ಕಾರದ ನೆರವು ಮೂರು ಬಾಗಿಲುಗಳಿಂದ ಬರುತ್ತದೆಂದು ಸ್ಥೂಲವಾಗಿ ಹೇಳಬಹುದು.

ಮೊದಲನೆಯದು ಸಾಮಾನಿನ ಬಾಗಿಲು. ಯೂರಿಯಾ ಗೊಬ್ಬರವನ್ನು ತೆಗೆದುಕೊಳ್ಳಿ. ೪೫ ಕಿಲೋ ಚೀಲಕ್ಕೆ ರೈತ ಕೊಡುವುದು ಸುಮಾರು ೨೬೬ ರೂಪಾಯಿ. ನಿಜವಾದ ಖರ್ಚು ಅದರ ಹಲವು ಪಟ್ಟು. ಉಳಿದುದನ್ನು ಕೇಂದ್ರ ಸರ್ಕಾರ ಗೊಬ್ಬರದ ಕಂಪನಿಗೆ ತುಂಬಿಕೊಡುತ್ತದೆ. ೨೦೧೮ರಿಂದೀಚೆಗೆ ಅಂಗಡಿಯ ಯಂತ್ರದಲ್ಲಿ ಕೊಳ್ಳುವವನ ಗುರುತು ಹಿಡಿದು ಚೀಲ ಮಾರಾಟವಾದ ಮೇಲೆಯೇ ಕಂಪನಿಗೆ ಆ ಹಣ ಸಲ್ಲುತ್ತದೆ. ಇಲ್ಲಿ ರೈತನ ಕೈಗೆ ಹಣ ಬರುವುದಿಲ್ಲ, ಅಗ್ಗದ ಬೆಲೆ ಬರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕೊಡುವ ಉಚಿತ ವಿದ್ಯುತ್ತೂ ಇದೇ ಬಗೆಯದು. ಈ ಬಾಗಿಲಿನ ದೋಷ ಗೊತ್ತಿರುವುದೇ: ಹೆಚ್ಚು ಗೊಬ್ಬರ ಸುರಿದವನಿಗೆ, ಹೆಚ್ಚು ನೀರೆತ್ತಿದವನಿಗೆ ಹೆಚ್ಚು ನೆರವು. ಕೊಳವೆಬಾವಿಯೇ ಇಲ್ಲದ ಮಳೆಯಾಶ್ರಯದ ಹೊಲದವನಿಗೆ ವಿದ್ಯುತ್ತಿನ ಪಾಲು ಇಲ್ಲ.

ಎರಡನೆಯದು ಫಲದ ಬಾಗಿಲು. ಹಾಲಿನ ಪ್ರೋತ್ಸಾಹಧನ ಇದಕ್ಕೆ ಒಳ್ಳೆಯ ಉದಾಹರಣೆ. ೨೦೦೮ರಲ್ಲಿ ಸಹಕಾರ ಸಂಘಕ್ಕೆ ಹಾಕಿದ ಒಂದು ಲೀಟರಿಗೆ ೨ ರೂಪಾಯಿಯಂತೆ ರಾಜ್ಯ ಸರ್ಕಾರ ಕೊಡತೊಡಗಿತು. ೨೦೧೩ರಲ್ಲಿ ಅದು ೪ ರೂಪಾಯಿಯಾಯಿತು, ಬಳಿಕ ೫ ರೂಪಾಯಿಗೆ ಏರಿತು. ಈ ಹಣ ಬರುವುದು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ ಎಂಬ ದೂರು ನಾನೂ ಕೇಳಿದ್ದೇನೆ. ಆದರೆ ಅದರ ಗುಣವನ್ನು ನೋಡಿ. ಬೆಳಗಿನ ಜಾವ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತ ಹೆಂಗಸನ್ನು ‘ನಿನಗೆಷ್ಟು ಎಕರೆ ಜಮೀನಿದೆ?’ ಎಂದು ಯಾರೂ ಕೇಳುವುದಿಲ್ಲ. ಹಸು ಅವಳದು, ಹಾಲು ಅವಳದು, ಸಂಘದ ಪುಸ್ತಕದಲ್ಲಿ ಹೆಸರೂ ಅವಳದು. ಗುಂಟೆ ನೆಲವಿಲ್ಲದವಳೂ ಇಲ್ಲಿ ರೈತಳು. ಹಳೆಯ ಕಟ್ಟುಗೊಡಗೆಯ ಹಾಗೆ ಇಲ್ಲೂ ಮೊದಲು ಕೆಲಸ, ಆಮೇಲೆ ಕೊಡುಗೆ.

ಮೂರನೆಯದು ಕಾಗದದ ಬಾಗಿಲು. ಈಚಿನ ವರ್ಷಗಳಲ್ಲಿ ಅತ್ಯಂತ ಅಗಲವಾಗಿ ತೆರೆದಿರುವುದು ಇದೇ. ೨೦೧೯ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ-ಕಿಸಾನ್ ಎಂದು ಕರೆಯಲಾಗುವ ಕಿಸಾನ್ ಸಮ್ಮಾನ್ ನಿಧಿಯನ್ನು ಆರಂಭಿಸಿತು. ವರ್ಷಕ್ಕೆ ೬,೦೦೦ ರೂಪಾಯಿ, ೨,೦೦೦ದಂತೆ ಮೂರು ಕಂತು, ನೇರವಾಗಿ ಬ್ಯಾಂಕ್ ಖಾತೆಗೆ. ಮೊದಲು ಎರಡು ಹೆಕ್ಟೇರಿನವರೆಗೆ ನೆಲವಿದ್ದವರಿಗೆ ಎಂದಿದ್ದುದನ್ನು ಅದೇ ವರ್ಷ ಎಲ್ಲ ಭೂಹಿಡುವಳಿದಾರರಿಗೂ ವಿಸ್ತರಿಸಲಾಯಿತು. ಆದಾಯ ತೆರಿಗೆ ಕಟ್ಟುವವರು, ಕೆಳದರ್ಜೆಯವರ ಹೊರತಾಗಿ ಸರ್ಕಾರಿ ನೌಕರರು, ವೈದ್ಯರು, ವಕೀಲರು ಮೊದಲಾದ ಕೆಲವರನ್ನು ಹೊರಗಿಟ್ಟರು. ನಮ್ಮ ರಾಜ್ಯ ಸರ್ಕಾರ ೨೦೧೯ರಲ್ಲಿ ತನ್ನ ಪಾಲಿನಿಂದ ಇನ್ನೂ ೪,೦೦೦ ರೂಪಾಯಿ ಸೇರಿಸಿತು. ಆ ಹೆಚ್ಚುವರಿ ಹಣ ೨೦೨೩ರಲ್ಲಿ ನಿಂತುಹೋಯಿತು. ಒಂದೆಕರೆಯವನಿಗೂ ಇಪ್ಪತ್ತೆಕರೆಯವನಿಗೂ ಮೊತ್ತ ಒಂದೇ ಎಂಬುದು ಈ ಯೋಜನೆಯ ಒಂದು ಒಳ್ಳೆಯ ಗುಣ. ಒಂದೆಕರೆಯವನ ಮನೆಯಲ್ಲಿ ಆ ಆರು ಸಾವಿರಕ್ಕೆ ಇರುವ ತೂಕವೇ ಬೇರೆ. ನಡುವೆ ದಲ್ಲಾಳಿಯಿಲ್ಲ, ಕೈ ನೀಡುವ ಗುಮಾಸ್ತನಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಈ ಬಾಗಿಲನ್ನು ದಾಟಬೇಕಾದರೆ ಪಹಣಿಯಲ್ಲಿ ಹೆಸರಿರಬೇಕು.

ಪಹಣಿ ಎಂಬ ಶಬ್ದ ನಮಗೆ ಮರಾಠಿಯ ಕಡೆಯಿಂದ ಬಂದದ್ದು. ‘ಪಾಹಣೆ’ ಎಂದರೆ ನೋಡುವುದು. ಪಹಣಿ ಎಂದರೆ ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ ಬರೆದದ್ದು. ಹಿಂದೆ ಈ ಕೆಲಸ ಶಾನುಭೋಗರದಾಗಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕುವ ಕಾಯಿದೆ ೧೯೬೧ರಲ್ಲಿ ಆಯಿತು. ಅವರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ೨೦೦೦ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಯಾರು ಬೇಕಾದರೂ ಪ್ರತಿ ಪಡೆಯುವಂತಾಯಿತು. ಶಾನುಭೋಗರ ಕಡತ ಬಿಚ್ಚಿಸುವುದಕ್ಕೆ ಎಷ್ಟು ಸಲ ಮನೆಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತೆಂಬುದನ್ನು ಬಲ್ಲವರಿಗೆ ಈ ಬದಲಾವಣೆಯ ಬೆಲೆ ಗೊತ್ತು. ಅದರ ಮೇಲೆ ಇನ್ನೊಂದು ಅಂತಸ್ತು ಎದ್ದಿದೆ. ‘ಫ್ರೂಟ್ಸ್’ ಎಂಬ ಹೆಸರಿನ ರಾಜ್ಯದ ನೋಂದಣಿಯಲ್ಲಿ ರೈತನ ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರುಗಳನ್ನು ಹೊಂದಿಸಿ ಅವನಿಗೊಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಬರ ಪರಿಹಾರಕ್ಕೂ ಬೆಂಬಲ ಬೆಲೆಗೂ ಈಗ ಆ ಸಂಖ್ಯೆಯೇ ಬೀಗದ ಕೈ.

ಪಹಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಒಂಬತ್ತನೆಯ ಅಂಕಣದಲ್ಲಿ ಸ್ವಾಧೀನದಾರನ, ಎಂದರೆ ಖಾತೆದಾರನ, ಹೆಸರಿರುತ್ತದೆ. ಹನ್ನೊಂದನೆಯದರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು, ಬೆಳೆಯ ವಿವರ. ನೋಡಿ, ಒಡೆಯನಿಗೊಂದು ಅಂಕಣ, ಉಳುವವನಿಗೊಂದು ಅಂಕಣ ಎಂದು ಆ ಕಾಗದವನ್ನು ರೂಪಿಸಿದವರು ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಆದರೆ ಹಣ ಹೋಗುವುದು ಒಂಬತ್ತನೆಯ ಅಂಕಣದ ಹಿಂದೆ. ಹನ್ನೆರಡನೆಯ ಅಂಕಣದಲ್ಲಿ ಹೆಚ್ಚಿನ ಕಡೆ ‘ಸ್ವಂತ’ ಎಂಬ ಒಂದೇ ಮಾತು ವರ್ಷದಿಂದ ವರ್ಷಕ್ಕೆ ಹಾಗೆಯೇ ಉಳಿದುಬಂದಿರುತ್ತದೆ.

ಈ ಎರಡು ಅಂಕಣಗಳ ನಡುವಣ ಸಂದಿನಲ್ಲಿ ಯಾರು ಯಾರು ಬೀಳುತ್ತಾರೆ?

ಮೊದಲು ಬೀಳುವವರು ಸತ್ತವರ ಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಖಾತೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಅಣ್ಣ ಬೆಂಗಳೂರಿನಲ್ಲಿ, ತಂಗಿ ಚಿಕ್ಕಮಗಳೂರಿನಲ್ಲಿ, ಇನ್ನೊಬ್ಬನೊಡನೆ ಮಾತಿಲ್ಲ. ಆ ಕೆಲಸ ಮುಂದಿನ ಶ್ರಾವಣಕ್ಕೆ, ಅದರ ಮುಂದಿನ ಶ್ರಾವಣಕ್ಕೆ ಎಂದು ಹೋಗುತ್ತಲೇ ಇರುತ್ತದೆ. ಜಂಟಿ ಖಾತೆಯಾದರೆ ಪೋಡಿಯಾಗಬೇಕು, ಅಳತೆಯವರು ಬರಬೇಕು. ಇದೂ ಸಾಲದೆಂಬಂತೆ ಹೆಸರಿನ ತೊಡಕು ಬೇರೆ. ಪಹಣಿಯಲ್ಲಿ ‘ನಿಂಗೇಗೌಡ ಬಿನ್ ಸಿದ್ದೇಗೌಡ’ ಎಂದಿರುವವನು ಆಧಾರದಲ್ಲಿ ನಿಂಗಯ್ಯ, ಬ್ಯಾಂಕಿನಲ್ಲಿ ನಿಂಗಪ್ಪ. ಊರಿಗೆಲ್ಲ ಒಬ್ಬನೇ ಆದ ಮನುಷ್ಯ ಯಂತ್ರಕ್ಕೆ ಮೂವರಾಗಿ ಕಾಣುತ್ತಾನೆ.

ಎರಡನೆಯವರು ಹೆಂಗಸರು. ೨೦೧೫-೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರ ನಿರ್ವಹಣೆಯಲ್ಲಿದ್ದವು ನೂರಕ್ಕೆ ಸುಮಾರು ಹದಿನಾಲ್ಕು ಮಾತ್ರ. ನಾಟಿ, ಕಳೆ, ಕೊಯ್ಲು, ಕಾಫಿ ಹಣ್ಣು ಬಿಡಿಸುವುದು ಇವುಗಳಲ್ಲಿ ಹೆಂಗಸರ ಕೈ ಎಷ್ಟೆಂಬುದನ್ನು ನೋಡಿದವರಿಗೆ ಈ ಸಂಖ್ಯೆ ನಗು ತರಿಸೀತು. ಗೆಂಡೆಹಳ್ಳಿಯ ಕಡೆ ಓಡಾಡುವಾಗ ನನಗೆ ಪರಿಚಯವಾದ ವಿಧವೆಯೊಬ್ಬರು ಒಂದು ಸಂಜೆ ತಮ್ಮ ಕಾಗದದ ಕಟ್ಟನ್ನು ಬಿಚ್ಚಿ ತೋರಿಸಿದರು. ‘ನಮ್ಮಾವ ತೀರ್ಕಂಡು ಹದಿನೈದು ವರ್ಷ ಆಯ್ತು ಸ್ವಾಮಿ. ನಮ್ಮನೆಯವ್ರು ಹೋಗಿ ಆರು ವರ್ಷ. ಪಾಣೀಲಿ ಇನ್ನೂ ಮಾವನ ಹೆಸರೇ ಬತ್ತೈತೆ. ಕಂದಾಯ ಕಟ್ಟೋವಾಗ ನಾನು ಬೇಕು, ದುಡ್ಡು ಕೊಡೋವಾಗ ಅವರು ಬೇಕು’ ಎಂದರು. ‘ಪೌತಿಗೆ ಅರ್ಜಿ ಹಾಕಲಿಲ್ಲವೇ ತಾಯಿ?’ ಎಂದೆ. ‘ಹಾಕಿವ್ನಿ. ಮೈದುನನ ಸೈನು ಆಗ್ಬೇಕಂತೆ’ ಎಂದು ಕಟ್ಟನ್ನು ಮತ್ತೆ ದಾರ ಸುತ್ತಿ ಒಳಗಿಟ್ಟರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆಯ ಬಗ್ಗೆ ಮಾತನಾಡುವವರ ಹಾಗೆ ಹೇಳಿದರು. ಆ ಸಮಾಧಾನವೇ ನನ್ನನ್ನು ಹೆಚ್ಚು ಕಾಡಿತು.

ಮೂರನೆಯವರು ಬಗರ್ ಹುಕುಂ ಸಾಗುವಳಿದಾರರು. ಹುಕುಮಿಲ್ಲದೆ ಎಂಬುದೇ ಆ ಮಾತಿನ ಅರ್ಥ. ಸರ್ಕಾರಿ ನೆಲವನ್ನು ಅಪ್ಪನ ಕಾಲದಿಂದ ಹಸನು ಮಾಡಿಕೊಂಡು ಬಂದವರು, ಹೆಚ್ಚಿನವರು ಬಡವರು, ಅವರಲ್ಲಿ ದಲಿತರೂ ಅನೇಕರು. ೧೯೯೧ರ ಸುಮಾರಿನಲ್ಲಿ ನಮೂನೆ ೫೦, ಆ ದಶಕದ ಕೊನೆಗೆ ನಮೂನೆ ೫೩, ೨೦೧೮ರಲ್ಲಿ ನಮೂನೆ ೫೭ ಹೀಗೆ ಸಕ್ರಮಕ್ಕೆ ಅರ್ಜಿ ಕರೆದರು. ಅರ್ಜಿಯ ನಂಬರು ದೊಡ್ಡದಾಗುತ್ತಾ ಹೋಯಿತು. ಬಹಳ ಜನರಿಗೆ ಹಕ್ಕುಪತ್ರ ಬರಲೇ ಇಲ್ಲ. ಹಕ್ಕುಪತ್ರವಿಲ್ಲದವನಿಗೆ ಪಹಣಿಯಿಲ್ಲ, ಪಹಣಿಯಿಲ್ಲದವನಿಗೆ ಸಮ್ಮಾನವೂ ಇಲ್ಲ, ಪರಿಹಾರವೂ ಇಲ್ಲ.

ನಾಲ್ಕನೆಯವನು ಎಲ್ಲರಿಗಿಂತ ಮರೆಯಾಗಿರುವವನು. ಅವನು ಗುತ್ತಿಗೆಗೋ ವಾರಕ್ಕೋ ಬೇರೆಯವರ ನೆಲ ಮಾಡುವವನು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಅವನನ್ನು ಮರೆಯಾಗಿಸಿದ್ದು ಯಾವ ಕೆಟ್ಟ ಕಾಯಿದೆಯೂ ಅಲ್ಲ. ನಮ್ಮ ರಾಜ್ಯ ಹೆಮ್ಮೆಪಡುವ ಒಂದು ಒಳ್ಳೆಯ ಕಾಯಿದೆ. ದೇವರಾಜ ಅರಸರ ಕಾಲದಲ್ಲಿ, ೧೯೭೪ರ ಮಾರ್ಚ್ ಒಂದರಿಂದ, ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ನಮೂನೆ ೭ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಗಳ ಮುಂದೆ ನಿಂತು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಸಾವಿರಾರು ಮನೆಗಳಲ್ಲಿ ನಿಜವಾಯಿತು. ಅದರೊಡನೆ, ಸೈನಿಕರು ನಾವಿಕರಂಥ ಕೆಲವರ ನೆಲವನ್ನು ಬಿಟ್ಟರೆ, ಕೃಷಿಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧವಾಯಿತು.

ಕಾಯಿದೆಯಲ್ಲಿ ಗೇಣಿ ಸತ್ತಿತು, ಹೊಲದಲ್ಲಿ ಸಾಯಲಿಲ್ಲ. ಮಕ್ಕಳು ಪಟ್ಟಣ ಸೇರಿದ ಮನೆಗಳು ನೆಲವನ್ನು ಬೀಳುಬಿಡಲಾರದೆ ಪಕ್ಕದವನಿಗೆ ವಾರಕ್ಕೆ ಕೊಡುತ್ತವೆ. ಶುಂಠಿ ಬೆಳೆಯುವವರು ಒಂದು ವರ್ಷದ ಮಟ್ಟಿಗೆ ನೆಲ ಹಿಡಿಯುತ್ತಾರೆ, ಏಕೆಂದರೆ ಶುಂಠಿ ಒಂದೇ ನೆಲದಲ್ಲಿ ಮತ್ತೆ ಮತ್ತೆ ಬರುವುದಿಲ್ಲ. ೨೦೨೦ರ ತಿದ್ದುಪಡಿಯಿಂದ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಹೀಗೆ ಕೊಂಡವರ ನೆಲವನ್ನೂ ಯಾರೋ ಒಬ್ಬರು ಉಳಲೇಬೇಕು. ಇವೆಲ್ಲ ಬಾಯಿಮಾತಿನ ಒಪ್ಪಂದಗಳು. ಬರೆದುಕೊಟ್ಟರೆ ನೆಲ ಹೋದೀತೆಂದು ಒಡೆಯನಿಗೆ ಭಯ. ಬರೆದುಕೊಡೆಂದು ಕೇಳಿದರೆ ಮುಂದಿನ ವರ್ಷ ನೆಲ ಸಿಗದೆಂದು ಉಳುವವನಿಗೆ ಭಯ. ಹೀಗಾಗಿ ಹನ್ನೆರಡನೆಯ ಅಂಕಣದಲ್ಲಿ ‘ಸ್ವಂತ’ ಎಂಬ ಮಾತು ಅಳಿಸುವುದೇ ಇಲ್ಲ. ಅಂದಿನ ಕಾಯಿದೆ ಹೇಳಿತು, ಉಳುವವನೇ ಒಡೆಯನಾಗಲಿ ಎಂದು. ಇಂದಿನ ಯೋಜನೆ ತಿಳಿದುಕೊಂಡಿದೆ, ಒಡೆಯನಾದವನೇ ಉಳುತ್ತಿದ್ದಾನೆ ಎಂದು. ಎರಡೂ ಮಾತಿನಲ್ಲಿ ಇರುವುದು ಅವೇ ಶಬ್ದಗಳು. ನಡುವೆ ಉಳಿದುಹೋಗಿರುವುದು ಒಬ್ಬ ಮನುಷ್ಯ.

ಮಳೆಯಿಲ್ಲದ ವರ್ಷ ಬಂದಾಗ ಈ ಮನುಷ್ಯನ ಸ್ಥಿತಿ ಏನಾಗುತ್ತದೆಂಬುದನ್ನು ೨೦೨೩ ತೋರಿಸಿತು. ಆ ವರ್ಷ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದರು. ವಿಪತ್ತು ನಿಧಿಯ ನಿಯಮದಂತೆ ಮಳೆಯಾಶ್ರಯದ ಬೆಳೆ ಹಾಳಾದರೆ ಹೆಕ್ಟೇರಿಗೆ ೮,೫೦೦ ರೂಪಾಯಿ,­ ಎಂದರೆ ಎಕರೆಗೆ ಸುಮಾರು ೩,೪೦೦, ನೀರಾವರಿಗೆ ೧೭,೦೦೦, ಬಹುವಾರ್ಷಿಕ ಬೆಳೆಗೆ ೨೨,೫೦೦, ಎಲ್ಲಕ್ಕೂ ಎರಡು ಹೆಕ್ಟೇರಿನ ಮಿತಿ. ರಾಜ್ಯ ಸರ್ಕಾರ ೨೦೨೪ರ ಆರಂಭದಲ್ಲಿ ಮೊದಲ ಕಂತಾಗಿ ೨,೦೦೦ ರೂಪಾಯಿಯವರೆಗೆ ಹಂಚಿತು. ಕೇಂದ್ರದ ಪಾಲಿಗಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ೩,೪೫೪ ಕೋಟಿ ರೂಪಾಯಿ ಬಿಡುಗಡೆಯಾಯಿತು. ಆ ವಾದವಿವಾದದಲ್ಲಿ ಒಂದು ಸ್ವಾರಸ್ಯವಿತ್ತು. ಸಣ್ಣ ರೈತರು ಎಷ್ಟು ಜನ ಎಂಬುದಕ್ಕೆ ಕೇಂದ್ರ ೨೦೧೫-೧೬ರ ಗಣತಿಯನ್ನು ಹಿಡಿಯಿತು. ರಾಜ್ಯ ತನ್ನ ಫ್ರೂಟ್ಸ್ ನೋಂದಣಿಯನ್ನು ಮುಂದಿಟ್ಟು, ಸಣ್ಣ ಹಿಡುವಳಿಗಳು ಅದಕ್ಕಿಂತ ಹೆಚ್ಚಿವೆ ಎಂದಿತು. ಯಾವ ಪುಸ್ತಕವನ್ನು ನಂಬಬೇಕೆಂಬುದರ ಮೇಲೆ ಹಣದ ಮೊತ್ತವೇ ನಿಂತಿತ್ತು. ಆದರೆ ವಾರಕ್ಕೆ ಮಾಡಿದವನು ಎರಡು ಪುಸ್ತಕಗಳ ಆಧಾರದಲ್ಲೂ ಆ ಪರಿಹಾರ ಕೇಳುವ ಹಾಗಿರಲಿಲ್ಲ. ಒಣಗಿದ್ದು ಅವನು ಬಿತ್ತಿದ ಬೀಜ, ಪರಿಹಾರ ಹೋದದ್ದು ಒಡೆಯನ ಖಾತೆಗೆ. ಒಳ್ಳೆಯ ಒಡೆಯರು ಅದನ್ನು ಎತ್ತಿ ಕೊಟ್ಟಿದ್ದಾರೆ. ಅಂಥವರನ್ನು ನಾನು ಬಲ್ಲೆ. ಆದರೆ ಒಬ್ಬನ ಹಕ್ಕು ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಲ್ಲುವುದು ಒಳ್ಳೆಯ ಏರ್ಪಾಡಲ್ಲ. ಬೆಳೆ ಚೆನ್ನಾಗಿ ಬಂದಾಗಲೂ ಇದೇ ಕಥೆ. ೨೦೨೪-೨೫ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ ೪,೨೯೦ ರೂಪಾಯಿ. ಖರೀದಿ ಕೇಂದ್ರದಲ್ಲಿ ಕೇಳುವುದು ನೋಂದಣಿ ಸಂಖ್ಯೆ. ವಾರದವನು ತನ್ನ ರಾಗಿಯನ್ನು ಒಡೆಯನ ಹೆಸರಿನಲ್ಲಿ ಮಾರಬೇಕು, ಇಲ್ಲವೇ ಬಂದ ಬೆಲೆಗೆ ಸಾಹುಕಾರನಿಗೆ ಅಳೆಯಬೇಕು.

ಇದು ನಮ್ಮೊಬ್ಬರ ಕಷ್ಟವಲ್ಲ. ನೆಲದ ಲೆಕ್ಕದ ಮೇಲೆ ಹಣ ಹಂಚಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಎದ್ದಿದೆ. ಅಮೆರಿಕದಲ್ಲಿ ೧೯೩೩ರಲ್ಲಿ ಬೆಲೆ ಕುಸಿದಾಗ ಹತ್ತಿಯ ಬೆಳೆಯನ್ನು ಕಡಿಮೆ ಮಾಡುವವರಿಗೆ ಹಣ ಕೊಡುವ ಕಾಯಿದೆಯಾಯಿತು. ಹಣ ಹೋದದ್ದು ಜಮೀನುದಾರರ ಕೈಗೆ. ಪಾಲಿಗೆ ಉಳುತ್ತಿದ್ದ ಬಡವರಿಗೆ ಅದರಲ್ಲಿ ಹಂಚಿಕೆಯಾಗಬೇಕಿತ್ತು. ಬಹಳ ಕಡೆ ಆಗಲಿಲ್ಲ. ಬೆಳೆಯ ವಿಸ್ತಾರ ಕಡಿಮೆಯಾದ್ದರಿಂದ ಅನೇಕರನ್ನು ನೆಲದಿಂದಲೇ ಹೊರಹಾಕಿದರು. ೧೯೩೪ರಲ್ಲಿ ಆರ್ಕನ್ಸಾ ಸಂಸ್ಥಾನದ ಟೈರೋನ್ಜಾ ಎಂಬ ಸಣ್ಣ ಊರಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಗೇಣಿದಾರರ ಸಂಘ ಕಟ್ಟಿದ್ದು ಈ ನೋವಿನಿಂದ. ರೈತನಿಗೆಂದು ಕೊಟ್ಟ ಹಣ ರೈತನನ್ನೇ ಹೊರದೂಡಬಲ್ಲದು ಎಂಬುದಕ್ಕೆ ಆ ಇತಿಹಾಸ ಸಾಕ್ಷಿ.

ನಮ್ಮ ದೇಶದಲ್ಲೇ ಬೇರೆ ದಾರಿ ಹಿಡಿದವರೂ ಇದ್ದಾರೆ. ಒಡಿಶಾ ರಾಜ್ಯ ೨೦೧೮ರ ಕೊನೆಗೆ ಸಾರಿದ ‘ಕಾಲಿಯಾ’ ಯೋಜನೆಯಲ್ಲಿ ಪಾಲಿಗೆ ಉಳುವವರನ್ನೂ ನೆಲವಿಲ್ಲದ ಕೃಷಿಕಾರ್ಮಿಕ ಕುಟುಂಬಗಳನ್ನೂ ಸೇರಿಸಿಕೊಂಡಿತು. ಆಂಧ್ರಪ್ರದೇಶ ೨೦೧೯ರಲ್ಲಿ, ಒಡೆಯನ ಹಕ್ಕಿಗೆ ಧಕ್ಕೆಯಿಲ್ಲದೆ ಬೆಳೆಯ ಮಟ್ಟಿಗೆ ಸಾಗುವಳಿದಾರನಿಗೆ ಗುರುತಿನ ಪತ್ರ ಕೊಡುವ ಕಾಯಿದೆ ಮಾಡಿತು. ಇವು ತೊಡಕಿಲ್ಲದೆ ನಡೆದವೆಂದು ಹೇಳಲಾರೆ. ಒಡಿಶಾದಲ್ಲಿ ಅನರ್ಹರ ಹೆಸರುಗಳೂ ಪಟ್ಟಿಯೊಳಗೆ ನುಸುಳಿದ್ದವು. ಆದರೆ ನುಸುಳುವಿಕೆ ಕಾಗದ ಗಟ್ಟಿಯಿರುವ ಕಡೆಯೂ ಇದೆ. ಪಹಣಿಯನ್ನೇ ನಂಬಿದ ಕೇಂದ್ರದ ಯೋಜನೆಯಲ್ಲೂ ಆದಾಯ ತೆರಿಗೆ ಕಟ್ಟುವವರ ಖಾತೆಗೆ ಹಣ ಹೋಗಿ, ಅದನ್ನು ವಸೂಲು ಮಾಡಬೇಕಾಗಿ ಬಂದಿದೆ.

ಹಾಗಾದರೆ ಪಹಣಿಯನ್ನು ಬಿಟ್ಟುಬಿಡಬೇಕೇ? ಹಾಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ. ಗುರುತಿಲ್ಲದ ಕಡೆ ಹಣ ಹಂಚಿದರೆ ಅದು ಬಲ್ಲಿದರ ಪಾಲಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ತಾಲ್ಲೂಕು ಕಚೇರಿಯ ಗುಮಾಸ್ತನೂ ಹೊಲಕ್ಕೆ ಹೋಗಿ ಪ್ರತಿಯೊಬ್ಬನ ಕೈಯ ಗಡಸು ಮುಟ್ಟಿ ನೋಡಲಾರ. ಅವನಿಗೊಂದು ಕಾಗದ ಬೇಕೇ ಬೇಕು. ಬೇಕಾಗಿರುವುದು ಪಹಣಿ ತನ್ನ ಹೆಸರಿಗೆ ತಕ್ಕಂತೆ ಮತ್ತೆ ನೋಡುವುದಕ್ಕೆ ಆರಂಭಿಸುವುದು. ಇದಕ್ಕೆ ಸಾಧನವೂ ಕೈಯಲ್ಲಿದೆ. ೨೦೧೭ರಿಂದೀಚೆಗೆ ನಮ್ಮ ರಾಜ್ಯದಲ್ಲಿ ಮೊಬೈಲ್ ಫೋನಿನ ಮೂಲಕ ಬೆಳೆ ಸಮೀಕ್ಷೆ ನಡೆಯುತ್ತಿದೆ. ಊರಿನ ಹುಡುಗರೋ ರೈತರೇ ಸ್ವತಃ ಹೊಲದಲ್ಲಿ ನಿಂತೋ ಚಿತ್ರ ತೆಗೆದು ಕಳಿಸುತ್ತಾರೆ. ಯಾವ ಸರ್ವೆ ನಂಬರಿನಲ್ಲಿ ರಾಗಿ, ಯಾವುದರಲ್ಲಿ ಜೋಳ ಎಂಬುದು ತಾಲ್ಲೂಕು ಕಚೇರಿಗೆ ಗೊತ್ತು. ಬೆಳೆಯನ್ನು ಇಷ್ಟು ಹತ್ತಿರದಿಂದ ನೋಡುವ ಕಣ್ಣು, ಆ ಬೆಳೆಯ ಪಕ್ಕದಲ್ಲೇ ನಿಂತಿರುವ ಮನುಷ್ಯನನ್ನೂ ನೋಡಬಾರದೇ? ಆ ವರ್ಷದ ಸಾಗುವಳಿಯ ಮಟ್ಟಿಗೆ, ಒಡೆತನದ ತಕರಾರಿಲ್ಲದಂತೆ, ಅವನ ಹೆಸರನ್ನು ಬರೆದುಕೊಳ್ಳುವ ಏರ್ಪಾಡು ಕಾಯಿದೆಯ ಬಲದೊಡನೆ ಬಂದರೆ ಒಡೆಯನ ಭಯವೂ ಕಡಿಮೆಯಾದೀತು, ಉಳುವವನ ಭಯವೂ ಕಡಿಮೆಯಾದೀತು. ಪೌತಿ ಖಾತೆಯನ್ನು ಅರ್ಜಿದಾರನ ತಲೆಗೆ ಕಟ್ಟುವ ಬದಲು, ಸಾವಿನ ನೋಂದಣಿಯಾದ ಕೂಡಲೇ ಕಂದಾಯ ಇಲಾಖೆಯೇ ಮನೆಬಾಗಿಲಿಗೆ ಹೋಗಿ ಮಾಡಿಕೊಡಬೇಕಾದ ಕೆಲಸವೆಂದು ತಿಳಿಯಬೇಕು. ಖಾತೆಯಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ ಹೆಂಡತಿಯ ಹೆಸರು ಇರುವುದು ವಿಶೇಷವೆನಿಸದ ಕಾಲವೂ ಬರಬೇಕು.

ಇದನ್ನು ಕೇಳಿ ಪಟ್ಟಣದಲ್ಲಿರುವ ನಮಗೇನು ಎಂದು ಅನ್ನಿಸಬಹುದು. ನಮ್ಮಲ್ಲಿ ಎಷ್ಟು ಜನರ ಹೆಸರು ಯಾವುದೋ ಹಳ್ಳಿಯ ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಇನ್ನೂ ಉಳಿದಿದೆ! ಅಜ್ಜನಿಂದ ಬಂದ ಎರಡೆಕರೆಯನ್ನು ಯಾರೋ ಮಾಡುತ್ತಿದ್ದಾರೆ. ವರ್ಷಕ್ಕೊಮ್ಮೆ ಒಂದು ಚೀಲ ಅಕ್ಕಿಯೋ ನಾಲ್ಕು ಸೇರು ಕಾಳುಮೆಣಸೋ ಬರುತ್ತದೆ. ಖಾತೆಗೆ ಎರಡು ಸಾವಿರ ಬಂತೆಂದು ಫೋನು ಸದ್ದು ಮಾಡುತ್ತದೆ. ಆ ಸದ್ದು ಕೇಳಿದಾಗ, ಆ ಹಣ ಯಾರ ಬೆವರಿನ ಹೆಸರಿನಲ್ಲಿ ಬಂದಿತೆಂದು ಒಂದು ಗಳಿಗೆ ಯೋಚಿಸಿದರೂ ಈ ಮಾತುಗಳು ವ್ಯರ್ಥವಾಗಲಿಲ್ಲವೆಂದು ನಾನು ತಿಳಿಯುತ್ತೇನೆ. ಅಂಥವರು ಮೊದಲು ಮಾಡಬಹುದಾದ ಕೆಲಸವೊಂದಿದೆ. ಊರಿನಿಂದ ಪೌತಿ ಖಾತೆಯ ಕಾಗದ ಸಹಿಗೆ ಬಂದಾಗ ಅದನ್ನು ಮೇಜಿನ ಮೇಲೆ ತಿಂಗಳುಗಟ್ಟಲೆ ಬಿಡದೆ ಅಂದೇ ಸಹಿ ಹಾಕಿ ಕಳಿಸುವುದು.